ಅಂಗಿಯ ಗುಂಡಿ, ನೆಲದ ಗುಂಡಿ

ಕನ್ನಡದಲ್ಲಿ ‘ಗುಂಡಿ’ ಎಂಬ ಒಂದೇ ಮಾತು ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಅಂಗಿಗೆ ಹಾಕುವ ಗುಂಡಿ ಒಂದು. ನೆಲದಲ್ಲಿ ತೋಡುವ ಗುಂಡಿ ಮತ್ತೊಂದು. ಈ ಲೇಖನಕ್ಕೆ ಎರಡೂ ಬೇಕು. ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ಲೋಹಶೋಧಕ ಯಂತ್ರವನ್ನು ಕೈಯಲ್ಲಿ ಹಿಡಿದು, ರಜಾ ದಿನಗಳಲ್ಲಿ ಹೊಲಗದ್ದೆಗಳಲ್ಲಿ ಅಲೆಯುವ ಹವ್ಯಾಸವುಳ್ಳವರು ಸಾವಿರಾರು ಮಂದಿ ಇದ್ದಾರೆ. ಅವರಿಗೆ ಚಿನ್ನದ ನಾಣ್ಯ ಸಿಕ್ಕುವುದು ಅಪರೂಪ. ಹಳೆಯ ಕಾಲದ ಸಿಪಾಯಿಗಳ ಸಮವಸ್ತ್ರದಿಂದ ಕಳಚಿ ಬಿದ್ದ ಗುಂಡಿಗಳು ಸಿಕ್ಕುವುದು ಸಾಮಾನ್ಯ. ಸಿಕ್ಕಿದೊಡನೆ ಅವರಲ್ಲಿ ಹಲವರು ಮಾಡುವ ಕೆಲಸ ಎರಡು: ಬೇಗ ಬೇಗನೆ ನೆಲ ತೋಡಿ ಗುಂಡಿಯನ್ನು ಹೊರಕ್ಕೆ ತೆಗೆಯುವುದು, ಮನೆಗೆ ತಂದು ಅದು ಥಳಥಳಿಸುವಂತೆ ಉಜ್ಜುವುದು. ಈ ಎರಡು ಕೆಲಸಗಳಿಂದಲೂ ವಸ್ತು ಉಳಿದು ವಿಷಯ ಅಳಿಯುತ್ತದೆಂಬುದೇ ನನ್ನ ವಾದ. ಹವ್ಯಾಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ವಿಜ್ಞಾನದ ಶಿಸ್ತಿಗೆ ಒಳಪಡಬೇಕೆಂಬುದಷ್ಟೇ ನನ್ನ ಅಭಿಪ್ರಾಯ.

ಒಂದು ಗುಂಡಿ ಎಷ್ಟು ಮಾತು ಹೇಳಬಲ್ಲುದೆಂಬುದನ್ನು ಮೊದಲು ನೋಡೋಣ. ಬ್ರಿಟಿಷ್ ಸೈನ್ಯದ ಪ್ರತಿಯೊಂದು ಕಾಲಾಳು ರೆಜಿಮೆಂಟೂ ತನ್ನ ಸಂಖ್ಯೆಯನ್ನು ಗುಂಡಿಗಳ ಮೇಲೆ ಧರಿಸಬೇಕೆಂಬ ಆಜ್ಞೆ 1767-68ರಲ್ಲಿ ಹೊರಟಿತು. ಸಾಮಾನ್ಯ ಸಿಪಾಯಿಯ ಗುಂಡಿ 1855ರವರೆಗೆ ಪ್ಯೂಟರ್‌ನಿಂದ, ಎಂದರೆ ತವರವೇ ಮುಖ್ಯವಾಗಿರುವ ಮಿಶ್ರಲೋಹದಿಂದ, ತಯಾರಾಗುತ್ತಿತ್ತು. ಅನಂತರ ಹಿತ್ತಾಳೆ ಬಂದಿತು. ಅಧಿಕಾರಿಗಳ ಗುಂಡಿಗೆ ಬೆಳ್ಳಿಯ ಹೊದಿಕೆಯೋ ಚಿನ್ನದ ಮುಲಾಮೋ ಇರುತ್ತಿತ್ತು. 1871ರಲ್ಲಿ ಸಿಪಾಯಿಗಳ ಗುಂಡಿಗಳಿಂದ ಸಂಖ್ಯೆ ಮಾಯವಾಗಿ ರಾಜಲಾಂಛನ ಬಂದಿತು. 1881ರ ಸೇನಾ ಸುಧಾರಣೆಯಲ್ಲಿ ರೆಜಿಮೆಂಟುಗಳ ಸಂಖ್ಯೆಗಳೇ ಹೋಗಿ ಪ್ರಾಂತಗಳ ಹೆಸರುಗಳು ನೆಲೆಸಿದವು. ಗುಂಡಿಯ ಹಿಂಬದಿಯಲ್ಲಿ ಲಂಡನ್ನಿನ ಅಥವಾ ಬರ್ಮಿಂಗ್‌ಹ್ಯಾಮಿನ ತಯಾರಕನ ಹೆಸರಿದ್ದರೆ ಕಾಲವನ್ನು ಇನ್ನೂ ಬಿಗಿಯಾಗಿ ಗೊತ್ತುಮಾಡಬಹುದು. ಹೀಗೆ, 33 ಎಂಬ ಅಂಕೆಯುಳ್ಳ ಪ್ಯೂಟರ್ ಗುಂಡಿಯೊಂದು ಸಿಕ್ಕಿದರೆ, ಅದು 33ನೆಯ ರೆಜಿಮೆಂಟಿನ ಸಾಮಾನ್ಯ ಸಿಪಾಯಿಯೊಬ್ಬನದು, 1767ಕ್ಕೆ ಹಿಂದಿನದಲ್ಲ, 1855ಕ್ಕೆ ಬಹಳ ಈಚಿನದೂ ಅಲ್ಲ ಎಂದು ಮೇಜಿನ ಮುಂದೆ ಕುಳಿತೇ ಹೇಳಬಹುದು.

ಆದರೆ ಮೇಜಿನ ಮುಂದೆ ಕುಳಿತು ಹೇಳಲಾಗದ ಸಂಗತಿಯೊಂದುಂಟು. ಆ ಸಿಪಾಯಿ ಅಲ್ಲಿಗೆ ಏಕೆ ಬಂದಿದ್ದ? ಅವನು ದಂಡಿನೊಡನೆ ನಡೆದು ಹೋಗುತ್ತಿದ್ದನೆ, ಬೀಡುಬಿಟ್ಟಿದ್ದನೆ, ಕಾದಾಡಿದನೆ, ಅಲ್ಲಿಯೇ ಮಡಿದನೆ? ಇದಕ್ಕೆ ಉತ್ತರ ಗುಂಡಿಯಲ್ಲಿಲ್ಲ. ಅದು ಬಿದ್ದಿದ್ದ ತಾಣದಲ್ಲಿದೆ, ಅದರ ನೆರೆಯಲ್ಲಿದ್ದ ಇತರ ವಸ್ತುಗಳಲ್ಲಿದೆ. ಅಂಗಿಯ ಗುಂಡಿ ಹೇಳುವುದು ಅರ್ಧ ಕಥೆ; ಉಳಿದರ್ಧವನ್ನು ನೆಲದ ಗುಂಡಿ ಹೇಳಬೇಕು. ಮೊದಲನೆಯದನ್ನು ಜೇಬಿಗೆ ಹಾಕಿಕೊಂಡು ಎರಡನೆಯದನ್ನು ಮಣ್ಣು ಮುಚ್ಚಿ ಮರೆತುಬಿಡುವವನು, ಪುಸ್ತಕದಿಂದ ಒಂದು ಹಾಳೆಯನ್ನು ಹರಿದುಕೊಂಡು ಯಾವ ಪುಸ್ತಕವೆಂಬುದನ್ನು ಬರೆದಿಡದೆ ಹೋದವನಂತೆ.

ಲೋಹಶೋಧಕದ ಕೆಲಸ ಸರಳವಾದ ಭೌತತತ್ತ್ವವನ್ನು ಅವಲಂಬಿಸಿದೆ. ಯಂತ್ರದ ತುದಿಯ ತಟ್ಟೆಯಲ್ಲಿ ತಾಮ್ರದ ತಂತಿಯ ಸುರುಳಿಯಿರುತ್ತದೆ. ಅದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಕ್ಕೆ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಆ ಕ್ಷೇತ್ರದಲ್ಲಿ ಲೋಹದ ಚೂರೊಂದಿದ್ದರೆ ಅದರೊಳಗೆ ಸುಳಿಪ್ರವಾಹಗಳೇಳುತ್ತವೆ; ಅವು ತಮ್ಮದೇ ಆದ ಸಣ್ಣ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಗ್ರಾಹಕ ಸುರುಳಿ ಅದನ್ನು ಗುರುತಿಸಿ ಶಬ್ದವಾಗಿ ಮಾರ್ಪಡಿಸುತ್ತದೆ. ಟೆಲಿಫೋನಿನ ಜನಕನಾದ ಗ್ರಹಾಮ್ ಬೆಲ್, 1881ರಲ್ಲಿ ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಗುಂಡನ್ನು ಹುಡುಕಲು ಇಂಥದೇ ಸಾಧನವನ್ನು ಪ್ರಯೋಗಿಸಿದನು, ಗುಂಡು ಪತ್ತೆಯಾಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್‌ಕಿ ರೂಪಿಸಿದ ನೆಲಬಾಂಬು ಶೋಧಕ 1942ರ ಎಲ್ ಅಲಮೈನ್ ಕಾಳಗದಲ್ಲಿ ನೂರಾರು ಸಂಖ್ಯೆಯಲ್ಲಿ ಬಳಕೆಯಾಯಿತು. ಇಂದಿನ ಹವ್ಯಾಸಿಯ ಯಂತ್ರ ಈ ವಂಶದ್ದೇ. ‘ಇಲ್ಲಿ ಲೋಹವಿದೆ’ ಎಂದಷ್ಟೇ ಅದು ಹೇಳಬಲ್ಲುದು. ಆ ಮಾತನ್ನು ಕೇಳಿದ ಮನುಷ್ಯ ಮುಂದೆ ಏನು ಮಾಡುತ್ತಾನೆಂಬುದು ಅವನ ವಿವೇಕಕ್ಕೆ ಸೇರಿದ್ದು.

ವಿವೇಕವಿದ್ದಾಗ ಈ ಯಂತ್ರ ಎಂಥ ಉಪಕಾರ ಮಾಡುತ್ತದೆಂಬುದಕ್ಕೆ ಅಮೆರಿಕದ ಲಿಟ್ಲ್ ಬಿಗ್ ಹಾರ್ನ್ ರಣಭೂಮಿಯೇ ಸಾಕ್ಷಿ. 1876ರ ಜೂನ್ 25ರಂದು ಅಲ್ಲಿ ಕಸ್ಟರ್ ಎಂಬ ದಳಪತಿಯೂ ಅವನ ನೇರ ನಾಯಕತ್ವದಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸೈನಿಕರೂ ಅಲ್ಲಿನ ಮೂಲನಿವಾಸಿ ಯೋಧರ ಕೈಯಲ್ಲಿ ಹತರಾದರು. ಆ ತಂಡದಲ್ಲಿ ಬದುಕಿ ಬಂದು ಕಥೆ ಹೇಳುವ ಸೈನಿಕರಿರಲಿಲ್ಲ. ಗೆದ್ದವರ ಹೇಳಿಕೆಗಳನ್ನು ಬಹುಕಾಲ ಯಾರೂ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1983ರಲ್ಲಿ ಕಾಳ್ಗಿಚ್ಚು ಅಲ್ಲಿನ ಹುಲ್ಲನ್ನು ಸುಟ್ಟು ನೆಲವನ್ನು ಬರಿದು ಮಾಡಿತು. 1984 ಮತ್ತು 1985ರಲ್ಲಿ ಡಗ್ಲಾಸ್ ಸ್ಕಾಟ್ ಮೊದಲಾದ ಪ್ರಾಕ್ತನ ವಿದ್ವಾಂಸರು ಲೋಹಶೋಧಕ ಹವ್ಯಾಸಿಗಳನ್ನೇ ಸ್ವಯಂಸೇವಕರನ್ನಾಗಿ ಸಾಲಾಗಿ ನಿಲ್ಲಿಸಿ ಇಡೀ ರಣಭೂಮಿಯನ್ನು ಶೋಧಿಸಿದರು. ಶಬ್ದ ಬಂದ ಕಡೆಯಲ್ಲೆಲ್ಲ ಒಂದು ಪುಟ್ಟ ಬಾವುಟ ನೆಟ್ಟು, ವಸ್ತುವಿನ ನೆಲೆಯನ್ನು ಅಳೆದು ನಕ್ಷೆಯಲ್ಲಿ ಗುರುತಿಸಿದ ಬಳಿಕವೇ ಅದನ್ನು ಎತ್ತಿದರು. ತೋಟಾಗಳ ಖಾಲಿ ಕೊಳವೆಗಳ ಮೇಲೆ ಬಂದೂಕಿನ ಸೂಜಿ ಹೊಡೆದ ಗುರುತನ್ನು ಪೋಲೀಸರ ಪ್ರಯೋಗಶಾಲೆಯಲ್ಲಿ ಮಾಡುವಂತೆ ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಒಂದೊಂದು ಬಂದೂಕು ರಣದಲ್ಲಿ ಎಲ್ಲಿಂದ ಎಲ್ಲಿಗೆ ಚಲಿಸಿತೆಂಬುದನ್ನು ಕಂಡುಕೊಂಡರು. ಅವೇ ಕೊಳವೆಗಳನ್ನೂ ಗುಂಡಿಗಳನ್ನೂ ಹಿಂದೆಯೇ ನೂರು ಮಂದಿ ಆಯ್ದು ತಮ್ಮ ತಮ್ಮ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡಿದ್ದರೆ ಆ ನಕ್ಷೆ ಎಂದಿಗೂ ಹುಟ್ಟುತ್ತಿರಲಿಲ್ಲ.

ಇದಕ್ಕೆ ಹವ್ಯಾಸಿಗಳು ಒಂದು ಆಕ್ಷೇಪಣೆಯನ್ನು ಹೇಳುವುದುಂಟು. ‘ನಾವು ಹುಡುಕುವುದು ನೂರಾರು ವರ್ಷ ಉತ್ತ ಹೊಲಗಳಲ್ಲಿ. ನೇಗಿಲು ಎಲ್ಲವನ್ನೂ ಕಲಸಿಬಿಟ್ಟಿದೆ; ಅಲ್ಲಿ ತಾಣಕ್ಕೆ ಏನು ಅರ್ಥ?’ ಈ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿದೆ: ಉಳುಮೆಯ ಮಣ್ಣಿನಲ್ಲಿ ಮೇಲಿನದು ಕೆಳಗಾಗಿ, ಕೆಳಗಿನದು ಮೇಲಾಗಿ ಪದರಗಳ ಕ್ರಮ ಕೆಟ್ಟುಹೋಗಿರುತ್ತದೆ. ಆದರೆ ನೇಗಿಲು ವಸ್ತುಗಳನ್ನು ಅಡ್ಡಲಾಗಿ ಬಹುದೂರ ಒಯ್ಯುವುದಿಲ್ಲ. ಹತ್ತಾರು ವಸ್ತುಗಳ ಹರಹನ್ನು ಒಟ್ಟಿಗೆ ನೋಡಿದರೆ ಅದರ ಆಕಾರ ಉಳಿದೇ ಇರುತ್ತದೆ. 1485ರ ಬಾಸ್ವರ್ತ್ ಕದನದಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್ ಮಡಿದ ಸ್ಥಳವನ್ನು ಜನ ಬಹುಕಾಲ ಒಂದು ಗುಡ್ಡದ ಬಳಿ ತೋರಿಸುತ್ತಿದ್ದರು. 2005ರಲ್ಲಿ ಆರಂಭವಾದ ಕ್ರಮಬದ್ಧ ಶೋಧನೆ, ಆ ಗುಡ್ಡದಿಂದ ಸುಮಾರು 3 ಕಿಲೋಮೀಟರು ದೂರದ ಉತ್ತ ಹೊಲಗಳಲ್ಲಿ 30ಕ್ಕೂ ಹೆಚ್ಚು ಸೀಸದ ಫಿರಂಗಿ ಗುಂಡುಗಳನ್ನೂ, ರಿಚರ್ಡನ ಲಾಂಛನವಾದ ಕಾಡುಹಂದಿಯ ಪುಟ್ಟ ಬೆಳ್ಳಿ ಬಿಲ್ಲೆಯನ್ನೂ ಹೊರತೆಗೆಯಿತು. ಶತಮಾನಗಳ ಉಳುಮೆ ಅಳಿಸಲಾರದಿದ್ದ ಕಾಳಗದ ಗುರುತನ್ನು, ನೆಲೆಯನ್ನು ಬರೆದಿಡದ ಹತ್ತು ಮಂದಿ ಬೇಟೆಗಾರರು ಹತ್ತು ಭಾನುವಾರಗಳಲ್ಲಿ ಅಳಿಸಿಬಿಡಬಲ್ಲರು.

ವಿಷಯ ಇತಿಹಾಸದ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಎಷ್ಟೋ ಗುಂಡಿಗಳು ಅಂಗಿಯಿಂದ ಉದುರಿದವಲ್ಲ. ಅಂಗಿಯೊಡನೆ, ಅಂಗಿ ತೊಟ್ಟವನೊಡನೆ ನೆಲ ಸೇರಿದವು. ಫ್ರಾನ್ಸಿನ ಫ್ರೊಮೆಲ್ ಎಂಬ ಹಳ್ಳಿಯ ಬಳಿ 1916ರ ಜುಲೈ 19-20ರಂದು ಮಡಿದ ಆಸ್ಟ್ರೇಲಿಯನ್ ಮತ್ತು ಬ್ರಿಟಿಷ್ ಸೈನಿಕರಲ್ಲಿ ಅನೇಕರನ್ನು ಜರ್ಮನರು ಸಾಮೂಹಿಕ ಗೋರಿಗಳಲ್ಲಿ ಹೂಳಿದ್ದರು. 2007ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಶೋಧಕರು ನೆಲವನ್ನು ಅಗೆಯದೆ, ಲೋಹಶೋಧಕ ಮೊದಲಾದ ಉಪಕರಣಗಳಿಂದ ಆ ಸ್ಥಳವನ್ನು ಪರೀಕ್ಷಿಸಿದಾಗ, ಆಸ್ಟ್ರೇಲಿಯದ ಆಲ್ಬರ್ಟನ್ ಪ್ರಾಂತದಿಂದ ಯೋಧನೊಬ್ಬನಿಗೆ ಬೀಳ್ಕೊಡುಗೆಯಾಗಿ ಬಂದಿದ್ದ ಸಣ್ಣ ಪದಕವೊಂದು ಸಿಕ್ಕಿತು. ಗೋರಿಗಳು ಅಲ್ಲಿವೆಯೆಂಬ ನಂಬಿಕೆಗೆ ಅದು ದೊಡ್ಡ ಆಧಾರವಾಯಿತು. 2009ರಲ್ಲಿ 250 ಮಂದಿಯ ಅವಶೇಷಗಳು ಹೊರಬಂದವು. ಯಾವ ಎದೆಯ ಮೇಲೆ ಯಾವ ಸೈನ್ಯದ ಗುಂಡಿ, ಯಾವ ಭುಜದ ಬಳಿ ಯಾವ ಬಿಲ್ಲೆ ಎಂಬುದನ್ನೆಲ್ಲ ಬರೆದಿಟ್ಟರು. ಒಬ್ಬನ ಬಳಿ ಫ್ರೀಮ್ಯಾಂಟಲ್ ಮತ್ತು ಪರ್ತ್ ಊರುಗಳ ನಡುವಣ ರೈಲಿನ, ಹಿಂದಿರುಗುವ ಪ್ರಯಾಣದ ಟಿಕೆಟ್ಟು ಸಹ ಇತ್ತು. ಇಂಥ ಗುರುತುಗಳನ್ನೂ ಬಂಧುಗಳ ವಂಶವಾಹಿಗಳ ಪರೀಕ್ಷೆಯನ್ನೂ ಕೂಡಿಸಿ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೆಸರು ಮರಳಿ ಬಂದಿತು. ಗೋರಿಯಿಂದ ಒಂದು ಗುಂಡಿಯನ್ನು ಮೊದಲೇ ಯಾರಾದರೂ ಕಿತ್ತುಕೊಂಡು ಹೋಗಿದ್ದರೆ, ಅವರು ಒಯ್ದದ್ದು ಹಿತ್ತಾಳೆಯ ಚೂರನ್ನಲ್ಲ. ಒಬ್ಬ ಮನುಷ್ಯನ ಹೆಸರಿಗೆ ಉಳಿದಿದ್ದ ಕಡೆಯ ಸಾಕ್ಷಿಯನ್ನು.

ಇನ್ನು ಎರಡನೆಯ ಕೆಲಸವಾದ ಉಜ್ಜುವುದನ್ನು ವಿಚಾರಿಸೋಣ. ನಮ್ಮ ಮನೆಗಳಲ್ಲಿ ತಾಮ್ರದ ತಂಬಿಗೆಗೆ ಕಿಲುಬು ಹಿಡಿದರೆ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಕೆಳಗಿನ ಗಟ್ಟಿ ಲೋಹ ಹೊಳೆಯುತ್ತದೆ. ತಂಬಿಗೆಗೆ ಇದು ಸರಿಯಾದ ವಿಧಾನವೇ. ಏಕೆಂದರೆ ಅದರ ಕಿಲುಬು ಕೆಲವು ದಿನಗಳದು, ಬಹು ತೆಳ್ಳಗಿನದು. ಇನ್ನೂರು ವರ್ಷ ನೆಲದಲ್ಲಿದ್ದ ಗುಂಡಿಯ ಸ್ಥಿತಿ ಹಾಗಲ್ಲ. ಅಲ್ಲಿ ಮೇಲ್ಮೈಯ ಲೋಹವೇ ಕಿಲುಬಾಗಿ ಮಾರ್ಪಟ್ಟಿರುತ್ತದೆ. ಒಳಗೆ ಕೆಂಪು ಬಣ್ಣದ ತಾಮ್ರದ ಆಕ್ಸೈಡು, ಹೊರಗೆ ಹಸುರು ಬಣ್ಣದ ತಾಮ್ರದ ಕಾರ್ಬೊನೇಟು ಹೀಗೆ ಪದರ ಪದರವಾಗಿರುತ್ತವೆ. ಹಿತ್ತಾಳೆಯಾದರೆ ಅದರಲ್ಲಿನ ಸತುವು ಮೊದಲೇ ಕರಗಿ ಹೋಗಿ ತಾಮ್ರ ಸ್ಪಂಜಿನಂತೆ ಉಳಿದಿರುತ್ತದೆ. ಹದ್ದಿನ ರೆಕ್ಕೆಯ ಗೆರೆ, ಕಿರೀಟದ ಮಣಿ, ರೆಜಿಮೆಂಟಿನ ಅಂಕೆ ಇವೆಲ್ಲವೂ ಎಷ್ಟೋ ವೇಳೆ ಆ ಕಿಲುಬಿನ ಪದರದಲ್ಲಿಯೇ ಅಚ್ಚೊತ್ತಿದಂತೆ ನಿಂತಿರುತ್ತವೆ. ಹುಣಸೆಹಣ್ಣು, ನಿಂಬೆರಸ, ವಿನೆಗರು, ತಂತಿಯ ಬ್ರಷ್ಷು ಇವುಗಳಲ್ಲಿ ಯಾವುದನ್ನು ಬಳಸಿದರೂ ಕಿಲುಬಿನೊಡನೆ ಅಕ್ಷರವೂ ಹೋಗಿ, ಹೊಳೆಯುವ ಬೋಳು ಬಿಲ್ಲೆಯೊಂದು ಕೈಯಲ್ಲಿ ಉಳಿಯುತ್ತದೆ.

ಅಧಿಕಾರಿಗಳ ಗುಂಡಿಯ ಚಿನ್ನದ ಮುಲಾಮು ಎಷ್ಟು ತೆಳ್ಳಗಿರುತ್ತಿತ್ತೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಚಿನ್ನವನ್ನು ಪಾದರಸದಲ್ಲಿ ಕಲಸಿ ಗುಂಡಿಗೆ ಬಳಿದು, ಕಾಯಿಸಿ ಪಾದರಸವನ್ನು ಆವಿಯಾಗಿಸುವುದು ಆಗಿನ ವಿಧಾನ. ಒಂದು ಅಂಗುಲ ವ್ಯಾಸದ 144 ಗುಂಡಿಗಳಿಗೆ 5 ಗ್ರೇನು, ಎಂದರೆ ಸುಮಾರು 0.32 ಗ್ರಾಮು ಚಿನ್ನ ಎಂಬುದು ಆ ಕಾಲದ ಕುಶಲಕರ್ಮಿಗಳ ಲೆಕ್ಕ. ಗುಂಡಿಗಳ ಮುಖದ ಒಟ್ಟು ವಿಸ್ತೀರ್ಣ ಸುಮಾರು 730 ಚದರ ಸೆಂಟಿಮೀಟರು. ಚಿನ್ನದ ಸಾಂದ್ರತೆ 19.3. ಭಾಗಿಸಿ ನೋಡಿದರೆ ಪದರದ ದಪ್ಪ ಒಂದು ಮಿಲಿಮೀಟರಿನ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಭಾಗ! ಮನುಷ್ಯನ ತಲೆಗೂದಲು ಇದಕ್ಕಿಂತ ಸುಮಾರು 300 ಪಟ್ಟು ದಪ್ಪ. ಹೊಳಪಿನ ಪುಡಿ ಹಚ್ಚಿ ನಾಲ್ಕು ಸಲ ಉಜ್ಜಿದರೆ ಈ ಚಿನ್ನ ಉಳಿದೀತೆ?

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ತಾಮ್ರದ ಲವಣಗಳು ಸೂಕ್ಷ್ಮಜೀವಿಗಳಿಗೆ ವಿಷ. ಆದುದರಿಂದ, ಮಣ್ಣಿನಲ್ಲಿ ಬಟ್ಟೆಯೆಲ್ಲ ಕೊಳೆತು ಹೋದರೂ, ಗುಂಡಿಯ ಹಿಂಬದಿಯ ಕೊಂಡಿಯ ಸುತ್ತ ಕೆಲವು ಎಳೆ ದಾರ, ಚಿಟಿಕೆಯಷ್ಟು ಬಟ್ಟೆ ಕಿಲುಬಿನ ಆಶ್ರಯದಲ್ಲಿ ಉಳಿಯುವುದುಂಟು. ಅದು ಉಣ್ಣೆಯೋ ನಾರೋ, ಯಾವ ನೇಯ್ಗೆಯದು ಎಂಬುದನ್ನು ಸೂಕ್ಷ್ಮದರ್ಶಕ ತಿಳಿಸಬಲ್ಲುದು. ಉಜ್ಜುವವನ ಕಣ್ಣಿಗೆ ಮಾತ್ರ ಅದು ಕೊಳೆ.

ಉಜ್ಜದೆ, ನೆಲೆಯನ್ನು ಬರೆದಿಟ್ಟು ಕಾಪಾಡಿದ ಗುಂಡಿಗಳು ಪ್ರಸಿದ್ಧವಾದ ಕಟ್ಟುಕಥೆಯನ್ನೂ ಪರೀಕ್ಷೆಗೆ ಒಡ್ಡಬಲ್ಲವು. 1812ರಲ್ಲಿ ರಷ್ಯದ ಚಳಿಯಲ್ಲಿ ನೆಪೋಲಿಯನ್ನನ ಸೈನಿಕರ ತವರದ ಗುಂಡಿಗಳು ಪುಡಿಪುಡಿಯಾಗಿ, ಅವರು ಮೇಲಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕಾಯಿತೆಂಬ ಕಥೆ ರಸಾಯನಶಾಸ್ತ್ರದ ತರಗತಿಗಳಲ್ಲಿ ಈಗಲೂ ಕೇಳಿಬರುತ್ತದೆ. ಶುದ್ಧವಾದ ಬಿಳಿ ತವರ 13.2 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಬೂದು ತವರವಾಗಿ ಬದಲಾಗಬಲ್ಲುದೆಂಬುದೂ, ಆಗ ಅದು ಕಾಲು ಭಾಗಕ್ಕಿಂತ ಹೆಚ್ಚಾಗಿ ಹಿಗ್ಗಿ ಪುಡಿಯಾಗುವುದೂ ನಿಜ. ಆದರೆ ಈ ಮಾರ್ಪಾಡು ಬಹು ನಿಧಾನ; ತವರದಲ್ಲಿ ಸ್ವಲ್ಪ ಸೀಸ ಬೆರೆತಿದ್ದರೂ ಅದಕ್ಕೆ ಅಡ್ಡಿಯಾಗುತ್ತದೆ. ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ 2001ರಲ್ಲಿ ಬೆಳಕಿಗೆ ಬಂದ, ಅದೇ ಸೈನ್ಯದ ಸಾವಿರಾರು ಮಂದಿಯ ಗೋರಿಯಲ್ಲಿ ರೆಜಿಮೆಂಟಿನ ಅಂಕೆಗಳನ್ನು ಓದಲು ಬರುವಂಥ ಗುಂಡಿಗಳು ದೊರೆತವು. ಆ ಸೈನಿಕರ ಹಲ್ಲುಗಳ ಪರೀಕ್ಷೆಯಿಂದ ಹೇನುಗಳು ಹರಡುವ ಜ್ವರಗಳ ಸೂಕ್ಷ್ಮಾಣುಗಳೂ, ಬೇರೊಂದು ಅಧ್ಯಯನದಲ್ಲಿ ಪ್ಯಾರಾಟೈಫಾಯಿಡ್ಡಿನ ಸೂಕ್ಷ್ಮಾಣುವೂ ಪತ್ತೆಯಾದವು. ಹಸಿವು, ಚಳಿ, ರೋಗಗಳು ಆ ಸೈನ್ಯವನ್ನು ಕೊಂದುವು. ಗುಂಡಿಗಳನ್ನು ದೂರುವುದಕ್ಕೆ ಆಧಾರ ಸಾಲದು.

ಹಾಗಾದರೆ ಸಿಕ್ಕ ಗುಂಡಿಯನ್ನು ಏನು ಮಾಡಬೇಕು? ಎತ್ತುವುದಕ್ಕೆ ಮೊದಲು ಅದಿದ್ದಂತೆಯೇ ಒಂದು ಛಾಯಾಚಿತ್ರ. ಆಳ, ದಿನಾಂಕ, ಮೊಬೈಲು ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳು. ಸುತ್ತಮುತ್ತ ಸಿಕ್ಕ ವಸ್ತುಗಳ ಪಟ್ಟಿ. ಮೂಳೆ ಕಂಡರೆ ಕೈಯಿಡದೆ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಸಿಡಿಮದ್ದಿನ ಸಂದೇಹವಿದ್ದರೆ ದೂರ ಸರಿಯತಕ್ಕದ್ದು. ಮನೆಗೆ ತಂದಮೇಲೆ ಸಡಿಲವಾದ ಮಣ್ಣನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಮೆತ್ತನೆಯ ಕುಂಚದಿಂದಲೋ ಬಿದಿರಿನ ಕಡ್ಡಿಯಿಂದಲೋ ಮೆಲ್ಲಗೆ ತೆಗೆದು, ನೆರಳಿನಲ್ಲಿ ಒಣಗಿಸಿದರೆ ಸಾಕು. ದಾರದ ಎಳೆ ಕಂಡರೆ ಅಷ್ಟನ್ನೂ ಮಾಡಬೇಕಾಗಿಲ್ಲ. ಬಳಿಕ ತೇವವಿಲ್ಲದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಏಕೆಂದರೆ ತಾಮ್ರದಲ್ಲಿ ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡು ಅಡಗಿದ್ದರೆ, ತೇವ ಮತ್ತು ಗಾಳಿ ತಗುಲಿದೊಡನೆ ಆಮ್ಲ ಹುಟ್ಟಿ ಲೋಹವನ್ನು ತಿನ್ನುತ್ತದೆ. ತಿಂದುದರಿಂದ ಮತ್ತೆ ಕ್ಲೋರೈಡು, ಮತ್ತೆ ಆಮ್ಲ. ತಿಳಿಹಸುರು ಪುಡಿ ಉದುರತೊಡಗಿದರೆ ಈ ರೋಗ ಹತ್ತಿತೆಂದು ತಿಳಿದು ಸಂಗ್ರಹಾಲಯದ ತಜ್ಞರನ್ನು ಕೇಳಬೇಕು. ಸೀಸ ಬೆರೆತ ಪ್ಯೂಟರ್ ಗುಂಡಿಯನ್ನು ಮರದ ಪೆಟ್ಟಿಗೆಯಲ್ಲಿ ಇಡಬಾರದು. ಮರದಿಂದ ಹೊರಡುವ ಆಮ್ಲದ ಆವಿ ಸೀಸವನ್ನು ಬಿಳಿಯ ಪುಡಿ ಮಾಡುತ್ತದೆ.

ಇದನ್ನೆಲ್ಲ ಕಾನೂನೇ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ನಿಕ್ಷೇಪಗಳಿಗೆ 1996ರ ಕಾಯಿದೆಯಿದೆ; ಹವ್ಯಾಸಿಗಳು ತಾವಾಗಿಯೇ ತಂದು ತೋರಿಸುವ ವಸ್ತುಗಳನ್ನು ದಾಖಲೆ ಮಾಡುವ ಯೋಜನೆಯೊಂದು 1997ರಿಂದ ನಡೆಯುತ್ತ 15 ಲಕ್ಷಕ್ಕೂ ಮೀರಿದ ವಸ್ತುಗಳನ್ನು ನೋಂದಾಯಿಸಿದೆ. ಹವ್ಯಾಸಿಗಳನ್ನು ಕಳ್ಳರೆಂದು ಕಾಣದೆ ಸಹಾಯಕರೆಂದು ಕಂಡುದರ ಫಲ ಇದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಯೋಜನೆ ಸಾಮಾನ್ಯವಾಗಿ 300 ವರ್ಷಕ್ಕಿಂತ ಹಳೆಯ ವಸ್ತುಗಳಿಗೆ ಮೀಸಲು. ಚಿನ್ನಬೆಳ್ಳಿಗಳಲ್ಲದ ಒಂಟಿ ಗುಂಡಿ ಸಾಮಾನ್ಯವಾಗಿ ನಿಕ್ಷೇಪವೂ ಅಲ್ಲ. ಹೀಗೆ 1812ರ ಗುಂಡಿಯಾಗಲಿ 1916ರ ಗುಂಡಿಯಾಗಲಿ ಎರಡು ಜರಡಿಗಳಲ್ಲಿಯೂ ಸೋರಿಹೋಗುತ್ತದೆ. ಅದನ್ನು ಕಾಯುವುದಕ್ಕೆ ಕಂಡುಹಿಡಿದವನ ಟಿಪ್ಪಣಿ ಪುಸ್ತಕವೊಂದೇ ಗತಿ.

ನಮ್ಮ ನಾಡಿಗೂ ಈ ಪಾಠ ಅನ್ವಯಿಸುತ್ತದೆ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಆರ್ಥರ್ ವೆಲೆಸ್ಲಿಯ 33ನೆಯ ರೆಜಿಮೆಂಟು ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನ ಕತ್ತಲೆಯಲ್ಲಿ ದಿಕ್ಕುಗೆಟ್ಟು ಹಿಮ್ಮೆಟ್ಟಿತು. 33ರ ಅಂಕೆಯ ಗುಂಡಿ ಸಂತೆಯ ಅಂಗಡಿಯೊಂದರಲ್ಲಿ ಸಿಕ್ಕಿದರೆ ಅದು ಬರಿಯ ಗುಂಡಿ. ಯಾವುದೋ ಗದ್ದೆಯ ಬದುವಿನಲ್ಲಿ ಇಂಥ ಕಡೆಯೇ ಸಿಕ್ಕಿತೆಂದು ಗೊತ್ತಿದ್ದರೆ ಆ ರಾತ್ರಿಯ ದಾರಿಗೆ ಒಂದು ಸುಳಿವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ರಾಜ್ಯದ ಪ್ರಾಚ್ಯವಸ್ತು ಇಲಾಖೆ ಹೊರತೆಗೆಯಿತು. ಅವೆಲ್ಲವೂ ಒಂದೇ ಬಾವಿಯಲ್ಲಿ ಒಟ್ಟಿಗೆ ಇದ್ದುದರಿಂದಲೇ ಅದು ಯುದ್ಧಸಾಮಗ್ರಿಯ ಸಂಗ್ರಹವೆಂದು ಹೇಳುವುದು ಸಾಧ್ಯವಾಯಿತು. ಒಂದೊಂದಾಗಿ ಗುಜರಿಗೆ ಹೋಗಿದ್ದರೆ ಅವು ತುಕ್ಕು ಹಿಡಿದ ಕೊಳವೆಗಳಾಗಿಯೇ ಕರಗುತ್ತಿದ್ದವು.

ನಮ್ಮಲ್ಲಿ ಲೋಹಶೋಧಕದ ಹವ್ಯಾಸ ಬೆಳೆದಿಲ್ಲವಾದರೂ, ನಿಧಿಯಾಸೆಯಿಂದ ಪಾಳುಗುಡಿಗಳ ನೆಲ ಅಗೆಯುವ ಕೆಟ್ಟ ಚಾಳಿ ಹಳೆಯದು. ಸಿಕ್ಕ ನಿಕ್ಷೇಪವನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ಬಂದಿತು. ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕಾಯಿದೆ ನಿಷೇಧಿಸುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಯಂತ್ರ ಹಿಡಿದು ಹೊರಡಿರೆಂದು ನಾನು ಹೇಳಲಾರೆ. ಹೊಲ ಉಳುವಾಗ, ಬಾವಿ ತೋಡುವಾಗ, ಮನೆಯ ತಳಪಾಯ ಅಗೆಯುವಾಗ ಹಳೆಯ ಗುಂಡಿಯೋ ನಾಣ್ಯವೋ ಗುಂಡೋ ತಾನಾಗಿ ಕಣ್ಣಿಗೆ ಬಿದ್ದರೆ, ಅದಿದ್ದ ಜಾಗವನ್ನು ಬರೆದುಕೊಳ್ಳಿ, ಚಿತ್ರ ತೆಗೆಯಿರಿ, ಉಪಾಧ್ಯಾಯರ ಮೂಲಕ ಇಲಾಖೆಗೆ ತಿಳಿಸಿ. ಹಿರಿಯರು ಹುಣಸೆಹಣ್ಣು ತಂದರೆ ಅದನ್ನು ಅಡಿಗೆಯ ಮನೆಗೆ ವಿನಯದಿಂದ ಹಿಂದಿರುಗಿಸಿರಿ.